ನೆಲಮಾಳಿಗೆಯ ಗೋಡೆಗೆ ತೇವ ಇದೆ, ಹಲಗೆ ಹೊದಿಸಿ ಕೋಣೆ ಮಾಡಬಹುದಾ?

ಓದುಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ನೆಲಮಾಳಿಗೆಯನ್ನು ಓದುವ ಕೋಣೆ ಮಾಡಬೇಕು ಅಂತಿದ್ದೇವೆ. ಅಪ್ಪನ ಪುಸ್ತಕಗಳೆಲ್ಲ ರಟ್ಟಿನ ಡಬ್ಬಿಗಳಲ್ಲಿ ಕಟ್ಟಿಟ್ಟಿವೆ. ಅವಕ್ಕೆ ಕಪಾಟು, ಅಪ್ಪನಿಗೆ ಒಂದು ಆರಾಮ ಕುರ್ಚಿ, ಮಗಳಿಗೆ ಓದೋಕೆ ಮೇಜು, ಇಷ್ಟೇ ಆಸೆ. ಕೋಣೆ ಸುಮಾರು 6 ಮೀಟರ್ ಉದ್ದ, 4 ಮೀಟರ್ ಅಗಲ. ಗೋಡೆ ಟೊಳ್ಳು ಸಿಮೆಂಟ್ ಬ್ಲಾಕಿನದು, ನೆಲ ಕಾಂಕ್ರೀಟ್. ಮೂರು ಕಡೆ ಗೋಡೆ ಪೂರ್ತಿ ಮಣ್ಣಿನೊಳಗಿದೆ. ನಾಲ್ಕನೇ ಗೋಡೆಯ ಮೇಲ್ಭಾಗದಲ್ಲಿ ಎರಡು ಸಣ್ಣ ಕಿಟಕಿ ಇವೆ.

ತೊಂದರೆ ತೇವದ್ದು. ಗೋಡೆಯ ಕೆಳಗೆ ಮಂಡಿಯೆತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತಿದೆ. ಉದುರಿದ ಕಡೆ ಬಿಳಿ ಪುಡಿ. ಬ್ಲಾಕುಗಳ ನಡುವಿನ ಗಾರೆ ಸಂದಿಯಲ್ಲಿ ಆ ಪುಡಿ ಜಾಸ್ತಿ. ಜೋರು ಮಳೆ ಬಂದ ಮರುದಿನ ಮೆಟ್ಟಿಲಿನ ಎದುರಿನ ಮೂಲೆಯಲ್ಲಿ, ಗೋಡೆಯೂ ನೆಲವೂ ಸೇರುವ ಕಡೆ, ಒದ್ದೆ ಗೆರೆ ಕಾಣುತ್ತದೆ. ಒಂದೊಂದು ಸಲ ಅಲ್ಲಿ ತೆಳ್ಳಗೆ ನೀರು ನಿಂತದ್ದೂ ಉಂಟು. ಮಳೆ ಇಲ್ಲದ ಸೆಕೆ ದಿನಗಳಲ್ಲೂ ನೆಲ ಒದ್ದೆ ಒದ್ದೆ ಇರುತ್ತದೆ. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಹಳೆಯ ಮರದ ಪೆಟ್ಟಿಗೆ ಸರಿಸಿದಾಗ ಅದರ ಹಿಂದೆ ಕಪ್ಪು ಬೂಷ್ಟು ಹಿಡಿದಿತ್ತು.

ಕೆಲಸ ನೋಡಲು ಬಂದ ಗುತ್ತಿಗೆದಾರರು ಹೀಗೆ ಹೇಳಿದರು: ಗೋಡೆ ಕೆರೆದು ಎರಡು ಕೋಟ್ ವಾಟರ್‌ಪ್ರೂಫ್ ಬಣ್ಣ ಹೊಡೆಯೋಣ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ಚೌಕಟ್ಟು ಕೂರಿಸಿ ಪ್ಲೈವುಡ್ ಹೊದಿಸೋಣ, ನೆಲಕ್ಕೆ ವಿನೈಲ್ ಅಂಟಿಸೋಣ, ತೇವ ಕಣ್ಣಿಗೇ ಬೀಳಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಅಪ್ಪನಿಗೆ ಉಬ್ಬಸ ಇದೆ. ಅವರು ದಿನದ ಅರ್ಧ ಹೊತ್ತು ಅಲ್ಲೇ ಕೂರುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ. ಹೀಗೆ ಮಾಡಿದರೆ ಸಾಕಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ನೀಲಿಕೊಡೆ

ಸಾಕಾಗಲ್ಲ ಸರ್. ನಮ್ಮ ಅಕ್ಕನ ಮನೆಯಲ್ಲಿ ಹೀಗೇ ಪ್ಲೈವುಡ್ ಹೊದಿಸಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬುಡದ ಹಲಗೆ ಊದಿಕೊಂಡಿತು. ಬಿಚ್ಚಿ ನೋಡಿದರೆ ಹಿಂಭಾಗ ಪೂರ್ತಿ ಬೂಷ್ಟು. ಅದೂ ಮಕ್ಕಳು ಮಲಗುವ ಕೋಣೆ. ನೋಡಿ ತುಂಬಾ ಸಂಕಟ ಆಯಿತು. ಈಗಲೇ ಮುಂಗಡ ಕೊಡಬೇಡಿ. ಇಲ್ಲಿ ಗಾರೆಕೆಲಸ ಮೇಡಂ ಇದ್ದಾರೆ, ಅವರು ನೋಡಿದರೆ ಖಂಡಿತ ಬರೆಯುತ್ತಾರೆ.

ಗಾರೆಕೆಲಸ

ಓದುಮನೆ ಅವರೇ, ನಾನು ವಾಟರ್‌ಪ್ರೂಫಿಂಗ್ ಕೆಲಸದ ಮೇಲ್ವಿಚಾರಣೆ ಮಾಡುವವಳು. ನೆಲಮಾಳಿಗೆಗಳೇ ನನ್ನ ಕೆಲಸದ ಮುಖ್ಯ ಭಾಗ. ಮೊದಲಿಗೇ ಹೇಳಿಬಿಡುತ್ತೇನೆ, ಆ ಹಲಗೆ ಕೆಲಸಕ್ಕೆ ಒಪ್ಪಬೇಡಿ. ತೇವ ಕಣ್ಣಿಗೆ ಬೀಳದಿರುವುದೇ ಅಲ್ಲಿನ ಅಪಾಯ. ಗೋಡೆಗೂ ಪ್ಲೈವುಡ್ಡಿಗೂ ನಡುವೆ ಗಾಳಿಯಾಡದ ಜಾಗ ಇರುತ್ತದೆ. ಅಲ್ಲಿ ತೇವ ಇದೆ, ಕತ್ತಲಿದೆ, ತಿನ್ನಲು ಮರವೂ ಇದೆ. ಬೂಷ್ಟಿಗೆ ಬೇಕಾದದ್ದೆಲ್ಲ ಸಿಕ್ಕಿತು. ಒದ್ದೆಯಾದ ಮರ, ರಟ್ಟು, ಕಾಗದದ ಮೇಲೆ ಅದು 24ರಿಂದ 48 ಗಂಟೆಯೊಳಗೆ ಬೆಳೆಯಲು ಶುರು ಮಾಡಬಹುದು. ಉಬ್ಬಸ ಇರುವ ಹಿರಿಯರು ಉಸಿರಾಡುವ ಗಾಳಿಗೆ ಅದು ಸೇರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನು ಬಣ್ಣದ ವಿಷಯ. ಗೋಡೆಯ ಹೊರಗಿನ ಮಣ್ಣು ನೆನೆದು ಅಲ್ಲಿ ನೀರು ನಿಂತರೆ ಅದು ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಒಂದು ಮೀಟರ್ ಆಳ ನೀರು ನಿಂತರೆ ಬುಡದಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ಕಿಲೋ ಭಾರದಷ್ಟು ಒತ್ತಡ. ಹೊರಗಿನಿಂದ ಬಳಿದ ಲೇಪವನ್ನು ಈ ಒತ್ತಡ ಗೋಡೆಗೆ ಇನ್ನೂ ಅದುಮುತ್ತದೆ. ಒಳಗಿನಿಂದ ಬಳಿದ ಬಣ್ಣವನ್ನು ಗೋಡೆಯಿಂದ ಆಚೆಗೆ ತಳ್ಳುತ್ತದೆ. ನಿಮ್ಮ ಈಗಿನ ಬಣ್ಣ ಉಬ್ಬಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಒಳಗಿನಿಂದ ಬಳಿದು ನಿಲ್ಲುವ ಸಿಮೆಂಟ್ ಲೇಪಗಳೂ ಇವೆ. ಆದರೆ ಅವಕ್ಕೆ ಬಣ್ಣ, ಪುಟ್ಟಿ ಯಾವುದೂ ಇಲ್ಲದ ಬರಿ ಕಾಂಕ್ರೀಟ್ ಬೇಕು. ಅಷ್ಟಾದರೂ ಟೊಳ್ಳು ಬ್ಲಾಕಿನ ಒಳಗೆ ತುಂಬಿದ ನೀರು ಎಲ್ಲಿಗೂ ಹೋಗಲ್ಲ. ಅಲ್ಲೇ ಮೇಲೇರಿ ಇನ್ನೊಂದು ಕಡೆ ಹೊರಬರುತ್ತದೆ.

ನಿಮ್ಮ ಬರಹದಲ್ಲಿ ನನಗೆ ಕಂಡದ್ದು ಒಂದು ತೇವ ಅಲ್ಲ, ಮೂರು. ಮಳೆಯ ಮರುದಿನ ಮೂಲೆಯಲ್ಲಿ ಬರುವುದು ಹರಿಯುವ ನೀರು, ಅದಕ್ಕೊಂದು ದಾರಿ ಇದೆ. ಮಂಡಿಯೆತ್ತರದ ಬಿಳಿ ಪುಡಿ ಎಂದರೆ ಮಣ್ಣಿನ ತೇವ ಗೋಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಏರಿ ಬರುತ್ತಿದೆ. ನೀರು ಆರಿಹೋಗುತ್ತದೆ, ಅದು ಹೊತ್ತು ತಂದ ಉಪ್ಪು ಉಳಿಯುತ್ತದೆ. ಇನ್ನು ಮಳೆಯಿಲ್ಲದ ಸೆಕೆಯಲ್ಲಿ ನೆಲ ಒದ್ದೆಯಾಗುವುದು ಬಹುಶಃ ಗಾಳಿಯಿಂದ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವ ಹಾಗೆ ತಣ್ಣನೆ ನೆಲ ಬೆವರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ಹೊರಗಿನ ಮಣ್ಣು ಅಗೆದು ಎಷ್ಟೇ ಖರ್ಚು ಮಾಡಿದರೂ ಗಾಳಿಯಿಂದ ಬರುವ ತೇವ ನಿಲ್ಲಲ್ಲ. ಮೂಲೆಯಲ್ಲಿ ನೀರು ನುಗ್ಗುತ್ತಿದ್ದರೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಹಗಲೂ ರಾತ್ರಿ ಓಡಿದರೂ ಪ್ರಯೋಜನ ಇಲ್ಲ.

ಅದಕ್ಕೆ ಮೊದಲು ಪತ್ತೆ ಮಾಡೋಣ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 45 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ. ನೆಲ ಒರೆಸಿ ಒಣಗಿಸಿ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ. ಮೂಲೆಯ ಹತ್ತಿರ ಒಂದು, ಕೋಣೆಯ ನಡುವೆ ಒಂದು, ಗೋಡೆಗೆ ಒಂದು. ಕನಿಷ್ಠ 16 ಗಂಟೆ ಹಾಗೇ ಬಿಡಿ, ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ನೆಲದಡಿಯಿಂದ ಬರುತ್ತಿದೆ. ಹಾಳೆಯ ಮೇಲ್ಮೈ ಒದ್ದೆಯಾದರೆ ಅದು ಗಾಳಿಯ ತೇವ. ಎರಡೂ ಕಡೆ ಒದ್ದೆಯಾದರೆ ಎರಡೂ ಇವೆ.

ಇನ್ನೊಂದು ಸುಲಭ ಪರೀಕ್ಷೆ. ಮನೆಯ ನಲ್ಲಿಗಳನ್ನೆಲ್ಲ ಬಂದ್ ಮಾಡಿ, ನೀರಿನ ಮೀಟರ್ ನೋಡಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಮುಳ್ಳು ಸರಿದಿದ್ದರೆ ಎಲ್ಲೋ ಪೈಪ್ ಸೋರುತ್ತಿದೆ. ಮೊದಲು ಅದನ್ನು ಹುಡುಕಬೇಕು.

ಆಮೇಲೆ ಮಳೆ ಬರುವಾಗಲೇ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಹೋಗಿ. ದಯವಿಟ್ಟು ಇದನ್ನು ಬಿಡಬೇಡಿ. ಬಿಸಿಲಲ್ಲಿ ಕಾಣದ್ದು ಮಳೆಯಲ್ಲಿ ಕಾಣುತ್ತದೆ. ಸೂರಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಕಡೆಗೆ ಓಡುತ್ತದೆ, ಎಲ್ಲ ಗುರುತು ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಗೋಡೆಯ ನಡು ಎತ್ತರದಲ್ಲಿ ಅಡ್ಡ ಬಿರುಕು ಇದೆಯಾ ನೋಡಿ. ಮೇಲಿನಿಂದ ಕೆಳಗೆ ತೂಗುಗುಂಡಿನ ದಾರ ಇಳಿಬಿಟ್ಟು, ಗೋಡೆ ಹೊಟ್ಟೆ ಬಂದಿದೆಯಾ ಪರೀಕ್ಷಿಸಿ. ಹಾಗಿದ್ದರೆ ಅದು ಬರಿ ತೇವ ಅಲ್ಲ, ಮಣ್ಣು ಗೋಡೆಯನ್ನು ಒಳಕ್ಕೆ ತಳ್ಳುತ್ತಿದೆ. ಆಗ ಬೇರೆ ಎಲ್ಲ ಬಿಟ್ಟು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಬೇಕು.

ಕಿಟಕಿಪಕ್ಕ

ಮೇಡಂ ಹೇಳಿದ್ದು ಸರಿ. ಆದರೆ ಇಷ್ಟೆಲ್ಲ ಮಾಡುವ ಮೊದಲು ಕಿಟಕಿ ಎರಡೂ ತೆರೆದಿಟ್ಟು, ಒಂದರಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ ನೋಡಬಹುದಲ್ವಾ? ಗಾಳಿ ಆಡಿದರೆ ಅರ್ಧ ತೇವ ಹೋಗುತ್ತದೆ. ಹಿಂದಿನವರೂ ಉಗ್ರಾಣದ ಬಾಗಿಲು ತೆಗೆದು ಗಾಳಿ ಆಡಿಸುತ್ತಿದ್ದರು.

ಗಾರೆಕೆಲಸ

ಕಿಟಕಿಪಕ್ಕ ಅವರೇ, ನೆಲದ ಮೇಲಿನ ಕೋಣೆಗೆ ನಿಮ್ಮ ಮಾತು ಪೂರ್ತಿ ಸರಿ. ನೆಲದ ಕೆಳಗಿನ ಕೋಣೆಗೆ ಹೊತ್ತು ನೋಡಿ ಮಾಡಬೇಕು. ಒಂದು ಲೆಕ್ಕ ಕೊಡುತ್ತೇನೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದೆ, ಗಾಳಿಯ ತೇವಾಂಶ ಶೇ. 80 ಅಂತ ಇಟ್ಟುಕೊಳ್ಳಿ. ಆ ಗಾಳಿ ಸುಮಾರು 26 ಡಿಗ್ರಿಗೆ ತಣಿದರೆ ಸಾಕು, ಅದರಲ್ಲಿನ ಆವಿ ನೀರಾಗಲು ಶುರು. ಮಣ್ಣಿಗೆ ತಾಗಿದ ಗೋಡೆ 22 ಡಿಗ್ರಿ ಇದೆ ಅನ್ನಿ. ಕಿಟಕಿ ತೆರೆದಷ್ಟೂ ಹೊಸ ಆವಿ ಒಳಗೆ ಬರುತ್ತದೆ, ಗೋಡೆಗೂ ನೆಲಕ್ಕೂ ತಾಗಿ ನೀರಾಗುತ್ತದೆ. ಎಕ್ಸಾಸ್ಟ್ ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ತಳ್ಳಿದಷ್ಟೂ ಹೊರಗಿನ ಬೆಚ್ಚನೆ ಒದ್ದೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ತೇವ ಕಡಿಮೆಯಾಗಲಿ ಅಂತ ಹಾಕಿದ ಫ್ಯಾನೇ ತೇವ ತುಂಬುತ್ತದೆ.

ಹೊರಗಿನ ಗಾಳಿ ತಣ್ಣಗೆ, ಒಣಗಿರುವಾಗ ಧಾರಾಳವಾಗಿ ತೆರೆಯಿರಿ. ಎಷ್ಟೋ ಕಡೆ ರಾತ್ರಿ ಅಥವಾ ಚಳಿಯ ದಿನಗಳು ಇದಕ್ಕೆ ಒಳ್ಳೆಯವು. ಸೆಕೆ, ಮೋಡ, ಮಳೆ ಇದ್ದಾಗ ಮುಚ್ಚಿಡಿ. ಒಳಗೊಂದು, ಹೊರಗೊಂದು ಸಣ್ಣ ಹೈಗ್ರೋಮೀಟರ್ (ಗಾಳಿಯ ತೇವಾಂಶ ಅಳೆಯುವ ಸಾಧನ) ಇಟ್ಟರೆ ಊಹೆ ಬೇಕಿಲ್ಲ. ಆದರೆ ಬರಿ ಶೇಕಡಾ ಹೋಲಿಸಬೇಡಿ, ಉಷ್ಣತೆಯನ್ನೂ ಜೊತೆಗೆ ನೋಡಿ. ಶೇ. 60 ತೋರಿಸುವ ಬೆಚ್ಚನೆ ಗಾಳಿಯಲ್ಲಿ ಶೇ. 80 ತೋರಿಸುವ ತಣ್ಣನೆ ಗಾಳಿಗಿಂತ ಜಾಸ್ತಿ ನೀರಿರಬಹುದು.

ಕೋಣೆಯ ಒಳಗೆ ತೇವಾಂಶ ಶೇ. 60 ದಾಟದ ಹಾಗೆ ಇಡಬೇಕು. ಪುಸ್ತಕ, ಉಬ್ಬಸ ಎರಡೂ ಇರುವ ಮನೆಯಲ್ಲಿ 50ರ ಆಸುಪಾಸು ನನ್ನ ಗುರಿ. ಮಳೆಗಾಲದಲ್ಲಿ ಅದಕ್ಕೆ ಡಿಹ್ಯುಮಿಡಿಫೈಯರ್ ಬೇಕಾಗುತ್ತದೆ. ಅದರ ನೀರು ತೊಟ್ಟಿಗೆ ಬೀಳುವ ಬದಲು ಪೈಪಿನಲ್ಲಿ ತಾನೇ ಹರಿದುಹೋಗುವ ಏರ್ಪಾಡು ಮಾಡಿ. ತೊಟ್ಟಿ ತುಂಬಿದರೆ ಯಂತ್ರ ನಿಲ್ಲುತ್ತದೆ, ಯಾರಿಗೂ ಗೊತ್ತಾಗಲ್ಲ. ಕೋಣೆ 15 ಡಿಗ್ರಿಗಿಂತ ತಣ್ಣಗಾಗುವ ಕಡೆ ಕಂಪ್ರೆಸರ್ ಮಾದರಿಯ ಒಳಗೆ ಮಂಜು ಕಟ್ಟುತ್ತದೆ. ಅಂಥ ಕಡೆ ತೇವ ಹೀರುವ ಪದಾರ್ಥ ಇರುವ ಮಾದರಿ ವಾಸಿ.

ಓದುಮನೆ

ಮೇಡಂ, ನೀವು ಹೇಳಿದ ಹಾಗೆ ಮಾಡಿದೆ. ಮೀಟರಿನ ಮುಳ್ಳು ಅಲುಗಿಲ್ಲ, ಪೈಪ್ ಸೋರಿಕೆ ಇಲ್ಲ. ದಾರ ಇಳಿಬಿಟ್ಟು ನೋಡಿದೆ, ಗೋಡೆ ನೆಟ್ಟಗಿದೆ, ಅಡ್ಡ ಬಿರುಕು ಇಲ್ಲ. ಮೂಲೆಯ ಹಾಳೆ ಬಿಚ್ಚಿದಾಗ ಅಡಿಯಲ್ಲಿ ಹನಿ ಹನಿ ನೀರು. ನಡುವಿನ ಹಾಳೆಯ ಅಡಿ ಒಣಗಿದೆ, ಮೇಲ್ಮೈ ಮಾತ್ರ ಕೈಗೆ ತೇವ ಹತ್ತುವಷ್ಟು ಒದ್ದೆ. ಗೋಡೆಯ ಹಾಳೆಯ ಅಡಿಯಲ್ಲಿ ಬ್ಲಾಕು ಸ್ವಲ್ಪ ಕಪ್ಪಾಗಿತ್ತು.

ಮಳೆಯಲ್ಲಿ ಸುತ್ತು ಹಾಕಿದ್ದು ನಿಜಕ್ಕೂ ಕಣ್ಣು ತೆರೆಸಿತು. ಅದೇ ಮೂಲೆಯ ಹೊರಗೆ ಚಾವಣಿಯ ಪೈಪು ಇಳಿದು, ಗೋಡೆಯಿಂದ ಒಂದು ಗೇಣು ದೂರದಲ್ಲೇ ನೀರು ಬಿಡುತ್ತಿದೆ. ಸೂರಿನ ಅಂಚಿನಲ್ಲಿ ಮಳೆನೀರು ಹಿಡಿಯುವ ದೋಣಿಯಲ್ಲಿ ಎಲೆ ತುಂಬಿ ಅರ್ಧ ನೀರು ಗೋಡೆಯ ಮೇಲೇ ಇಳಿಯುತ್ತಿದೆ. ಅಲ್ಲಿ ಹಾಸಿದ್ದ ಕಲ್ಲುಚಪ್ಪಡಿ ಕುಸಿದು ಗೋಡೆಯ ಕಡೆಗೇ ವಾಲಿದೆ. ಪಕ್ಕದಲ್ಲೇ ನಮ್ಮ ಹೂವಿನ ಪಾತಿ. ಅದಕ್ಕೆ ದಿನಾ ನೀರು ಹಾಕುತ್ತೇವೆ. ಈಗ ಹೊರಗೆ ಪೂರ್ತಿ ಅಗೆದು ವಾಟರ್‌ಪ್ರೂಫಿಂಗ್ ಮಾಡಿಸಬೇಕಾ? ಒಬ್ಬರು ಪಾಲಿಯುರೆಥೇನ್ ಇಂಜೆಕ್ಷನ್ (ಬಿರುಕಿಗೆ ರಾಳ ಒತ್ತಿ ತುಂಬುವುದು) ಮಾಡಿಸಿ, ಎರಡೇ ದಿನದ ಕೆಲಸ ಅಂದರು.

ಗಾರೆಕೆಲಸ

ತುಂಬಾ ಒಳ್ಳೆಯ ಕೆಲಸ ಮಾಡಿದ್ದೀರಿ. ನೀವು ನೋಡಿ ಬಂದದ್ದೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ಚಾವಣಿ 100 ಚದರ ಮೀಟರ್ ಇದ್ದು 25 ಮಿಲಿಮೀಟರ್ ಮಳೆ ಬಂದರೆ 2500 ಲೀಟರ್ ನೀರು ಇಳಿಯುತ್ತದೆ. ಅದರಲ್ಲಿ ಕಾಲು ಭಾಗ ಆ ಒಂದು ಪೈಪಿನಲ್ಲಿ ಬಂದರೂ 600 ಲೀಟರ್ ದಾಟಿತು. ಅದೆಲ್ಲ ಗೋಡೆಯ ಬುಡಕ್ಕೆ! ಮನೆ ಕಟ್ಟುವಾಗ ಗೋಡೆಯ ಹೊರಗೆ ಅಗೆದ ಗುಂಡಿಗೆ ಮತ್ತೆ ತುಂಬಿದ ಮಣ್ಣು ಸಡಿಲವಾಗಿರುತ್ತದೆ. ಪಕ್ಕದ ಗಟ್ಟಿ ನೆಲಕ್ಕಿಂತ ಅದು ಬೇಗ ನೀರು ಕುಡಿಯುತ್ತದೆ, ಆಮೇಲೆ ಕುಸಿಯುತ್ತದೆ. ನಿಮ್ಮ ಚಪ್ಪಡಿ ವಾಲಿರುವುದು ಅದಕ್ಕೇ.

ಪೂರ್ತಿ ಅಗೆಯುವ ಮಾತು ಈಗ ಬೇಡ. ಮೊದಲು ದೋಣಿ ಚೊಕ್ಕ ಮಾಡಿಸಿ. ಇಳಿಪೈಪಿಗೆ ಇನ್ನೊಂದು ಪೈಪು ಜೋಡಿಸಿ ನೀರನ್ನು ಗೋಡೆಯಿಂದ ಕನಿಷ್ಠ 2 ಮೀಟರ್ ಆಚೆ ಬಿಡಿ, ಜಾಗ ಇದ್ದರೆ ಇನ್ನೂ ದೂರ. ಚಪ್ಪಡಿ ಎತ್ತಿಸಿ, ಕೆಳಗೆ ಜೇಡಿಮಣ್ಣು ಬೆರೆತ ಮಣ್ಣು ಹಾಕಿ ದಮ್ಮಸ್ಸು ಮಾಡಿ, ಹೊರಗಡೆಗೆ ವಾಟ (ಇಳಿಜಾರು) ಕೊಟ್ಟು ಮತ್ತೆ ಹಾಸಿಸಿ. ಬರಿ ಮಣ್ಣಿನ ಅಂಗಳವಾದರೆ ಮೊದಲ 3 ಮೀಟರಿನಲ್ಲಿ 15 ಸೆಂಟಿಮೀಟರ್ ಇಳಿಯುವಷ್ಟು ವಾಟ ಬೇಕು. ಮರಳು ಸುರಿದು ಎತ್ತರ ಮಾಡುವವರಿದ್ದಾರೆ, ಅದು ಬೇಡ. ನೀರು ಮರಳಿನೊಳಗೆ ಇಳಿದು ಮತ್ತೆ ಗೋಡೆಗೇ ಹೋಗುತ್ತದೆ. ಹೂವಿನ ಪಾತಿಯನ್ನು ದೂರಕ್ಕೆ ಸಾಗಿಸಿ. ಗಿಡ ಪ್ರೀತಿಯಿಂದ ಬೆಳೆಸಿದ್ದೀರಿ, ಗೊತ್ತು. ಆದರೆ ಗೋಡೆಗೆ ತಾಗಿ ದಿನಾ ನೀರು ಬೀಳಬಾರದು.

ಕೆಲಸ ಮುಗಿದ ಮೇಲೆ ಹೋಸ್ ಪೈಪ್ ಹಿಡಿದು ಪರೀಕ್ಷೆ ಮಾಡಿ. ಮೂಲೆಯಿಂದ ದೂರದ ಕಡೆ ಮೊದಲು, ಸ್ವಲ್ಪ ಹೊತ್ತು ಒಂದೇ ಜಾಗಕ್ಕೆ ನೀರು ಬಿಡಿ. ಒಳಗೆ ಒಬ್ಬರು ನಿಂತು ನೋಡಲಿ. ಹಾಗೇ ಮೆಲ್ಲಗೆ ಮೂಲೆಯ ಕಡೆ ಬನ್ನಿ. ಎಲ್ಲಿ ಬಿಟ್ಟಾಗ ಒಳಗೆ ಒದ್ದೆಯಾಯಿತು ಅಂತ ನಿಖರವಾಗಿ ತಿಳಿಯುತ್ತದೆ.

ಇಂಜೆಕ್ಷನ್ ಬಗ್ಗೆ: ಒಂದೇ ಅಚ್ಚಾಗಿ ಸುರಿದ ಕಾಂಕ್ರೀಟ್ ಗೋಡೆಯಲ್ಲಿ ಬಿರುಕು ಬಿಟ್ಟು ನೀರು ಬರುತ್ತಿದ್ದರೆ ಪಾಲಿಯುರೆಥೇನ್ ತುಂಬಾ ಒಳ್ಳೆಯದು. ಒದ್ದೆಯಲ್ಲೂ ಹಿಗ್ಗಿ ಬಿರುಕು ತುಂಬುತ್ತದೆ. ಎಪಾಕ್ಸಿ ಅನ್ನುವ ಇನ್ನೊಂದು ರಾಳಕ್ಕೆ ಒಣ ಬಿರುಕು ಬೇಕು, ಅದು ಕಾಂಕ್ರೀಟನ್ನು ಬೆಸೆಯುವ ಕೆಲಸಕ್ಕೆ. ಆದರೆ ನಿಮ್ಮದು ಟೊಳ್ಳು ಬ್ಲಾಕು. ಒತ್ತಿದ ರಾಳ ಟೊಳ್ಳಿನೊಳಗೆ ಸುರಿದುಹೋಗುತ್ತದೆ, ಬಿರುಕಿನಲ್ಲಿ ನಿಲ್ಲಲ್ಲ. ಎರಡೇ ದಿನದ ಕೆಲಸ ಅಂದವರು ಬ್ಲಾಕು ಯಾವುದು ಅಂತ ಕೇಳಿದರಾ? ಕೇಳದೇ ಹೇಳಿದ್ದರೆ ಅವರಿಗೆ ಕೆಲಸ ಕೊಡಬೇಡಿ.

ಒಳಗಿನ ಬೂಷ್ಟನ್ನು ಈಗಲೇ ತೆಗೆಯಿರಿ. ಅಪ್ಪ ಆ ಹೊತ್ತಿಗೆ ಮನೆಯಲ್ಲಿರದಿದ್ದರೆ ಒಳ್ಳೆಯದು. ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಗಟ್ಟಿ ಮೇಲ್ಮೈಯನ್ನು ಸೋಪಿನ ನೀರಿನಲ್ಲಿ ಉಜ್ಜಿ ಪೂರ್ತಿ ಒಣಗಿಸಿದರೆ ಸಾಕು. ಬೂಷ್ಟು ಹಿಡಿದ ರಟ್ಟು, ಹಾಸಿಗೆ, ಪ್ಲೈವುಡ್ ಉಳಿಸಿಕೊಳ್ಳುವ ಯೋಚನೆ ಬೇಡ, ಎಸೆಯಿರಿ. ಒಂದು ಚದರ ಮೀಟರಿಗಿಂತ ಜಾಸ್ತಿ ಹಬ್ಬಿದ್ದರೆ ಅದೇ ಕೆಲಸ ಮಾಡುವವರನ್ನು ಕರೆಸಿ. ಬಿಳಿ ಪುಡಿ ಮಾತ್ರ ನೀರಿನಿಂದ ತೊಳೆಯಬೇಡಿ. ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ, ಪುಡಿಯನ್ನು ಒಟ್ಟು ಮಾಡಿ ಹೊರಗೆ ಹಾಕಿ. ಯಾವುದು ಉಪ್ಪು, ಯಾವುದು ಬೂಷ್ಟು ಅಂತ ಅನುಮಾನ ಬಂದರೆ ಒಂದು ಹನಿ ನೀರು ಹಾಕಿ ನೋಡಿ. ಉಪ್ಪು ಕರಗುತ್ತದೆ, ಬೂಷ್ಟು ಕರಗಲ್ಲ. ಉಬ್ಬಿದ ಹಳೆಯ ಬಣ್ಣವನ್ನೂ ಕೆರೆಸಿಬಿಡಿ, ಗೋಡೆ ಉಸಿರಾಡಿ ಒಣಗಲಿ.

ಆಮೇಲೆ ಒಂದು ಮಳೆಗಾಲ ಪೂರ್ತಿ ಕಾಯಿರಿ. ಕಷ್ಟ ಅನ್ನಿಸುತ್ತದೆ, ಆದರೂ ಕಾಯಿರಿ.

ನೀಲಿಕೊಡೆ

ನನ್ನದೊಂದು ಮಾತು. ನೀರು ನಿಂತ ನೆಲದ ಮೇಲೆ ಕಾಲಿಡುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಸರ್. ಕೆಳಗಿನ ಪ್ಲಗ್ ಪಾಯಿಂಟುಗಳನ್ನು ಎತ್ತರಕ್ಕೆ ಹಾಕಿಸಿ. ಆ ಲೈನಿಗೆ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ನಾನು ಎಲೆಕ್ಟ್ರಿಕ್ ಕೆಲಸ ಮಾಡುವವನು, ಇದನ್ನು ಹೇಳದೆ ಇರೋಕೆ ಆಗಲಿಲ್ಲ.

ಓದುಮನೆ

ಮಳೆಗಾಲ ಕಳೆಯುತ್ತಾ ಬಂತು, ಸುದ್ದಿ ಹೇಳೋಣ ಅಂತ ಬಂದೆ. ಹೊರಗಿನ ಕೆಲಸ ಎಲ್ಲ ಮಾಡಿಸಿದೆವು. ಸಾಮಾನ್ಯ ಮಳೆಗೆ ಈಗ ಮೂಲೆ ಒಣಗಿಯೇ ಇರುತ್ತದೆ. ಮುಗ್ಗಲು ವಾಸನೆ ತುಂಬಾ ಕಡಿಮೆ. ಗೋಡೆಯಲ್ಲಿ ಹೊಸ ಪುಡಿ ಬಂದಿದೆ, ಆದರೆ ಹಿಂದಿನಷ್ಟಲ್ಲ. ಬಿಡದೆ ಸುರಿದ ದಿನಗಳಲ್ಲಿ ಮಾತ್ರ ಮೂಲೆಯ ಎರಡೂ ಕಡೆ ಗೋಡೆ ನೆಲ ಸೇರುವ ಸಂದಿಯಲ್ಲಿ ನೀರು ಒಸರಿತು. ಮಳೆ ನಿಂತ ಮೇಲೂ ಕೆಲವು ದಿನ ಹಾಗೇ ಇತ್ತು. ಇದಕ್ಕೆ ಏನು ಮಾಡಲಿ? ಒಳಗಿನ ಕೆಲಸ ಯಾವಾಗ ಶುರು ಮಾಡಬಹುದು? ಅಪ್ಪ ದಿನಾ ಕೇಳುತ್ತಾರೆ.

ಗಾರೆಕೆಲಸ

ಓದಿ ತುಂಬಾ ಖುಷಿಯಾಯಿತು. ಮಳೆ ನಿಂತ ಮೇಲೂ ಒಸರುತ್ತದೆ ಎಂದರೆ ಬ್ಲಾಕಿನ ಟೊಳ್ಳುಗಳಲ್ಲಿ ನೀರು ತುಂಬಿ ನಿಂತಿದೆ, ನಿಧಾನವಾಗಿ ಇಳಿಯುತ್ತಿದೆ. ಉಳಿದ ಈ ನೀರು ಅಂತರ್ಜಲ ಏರಿದಾಗ ಬರುವುದು. ಇದನ್ನು ತಡೆದು ನಿಲ್ಲಿಸಲು ಹೋಗಬೇಡಿ, ದಾರಿ ಮಾಡಿಕೊಡಿ. ಆ ಎರಡು ಗೋಡೆಗಳ ಉದ್ದಕ್ಕೆ ಒಳಗಿನ ಚರಂಡಿ ಮಾಡಿಸಿದರೆ ಸಾಕು, ನಾಲ್ಕೂ ಕಡೆ ಬೇಕಿಲ್ಲ.

ಗೋಡೆಯ ಬುಡದಲ್ಲಿ ನೆಲದ ಕಾಂಕ್ರೀಟನ್ನು 30 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸುತ್ತಾರೆ. ಪಾಯದ ಪಕ್ಕಕ್ಕೆ ಅಗೆಯಬೇಕು, ಪಾಯದ ಅಡಿಗೆ ಮಾತ್ರ ಹೋಗಬಾರದು. ಅಡಿಯ ಮಣ್ಣು ಸರಿದರೆ ಗೋಡೆಯೇ ಕೂರುತ್ತದೆ. ಇದನ್ನು ನಿಂತು ನೋಡಿಕೊಳ್ಳಿ. ಗುಂಡಿಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೊಳೆದ 20 ಮಿಲಿಮೀಟರ್ ಜಲ್ಲಿ ಹಾಕಿ, ತೂತಿನ ಪೈಪು ಇಡಬೇಕು. ತೂತುಗಳು ಕೆಳಮುಖವಾಗಿರಲಿ. ಮೇಲ್ಮುಖ ಇಟ್ಟರೆ ಪೈಪಿನ ಎತ್ತರಕ್ಕೆ ನೀರು ಏರುವವರೆಗೂ ಅದು ಪೈಪಿಗೆ ಹೋಗಲ್ಲ. ಮೀಟರಿಗೆ ಒಂದು ಸೆಂಟಿಮೀಟರ್ ವಾಟ ಸಾಕು. ಎಲ್ಲಕ್ಕಿಂತ ಕೆಳಗಿನ ಸಾಲಿನ ಪ್ರತಿ ಬ್ಲಾಕಿನ ಟೊಳ್ಳಿಗೂ ಬುಡದಲ್ಲಿ ತೂತು ಕೊರೆಸಿ, ನಿಂತ ನೀರು ಚರಂಡಿಗೆ ಇಳಿಯಲಿ. ಕೊರೆದಾಗ ನೀರು ಚಿಮ್ಮಿದರೆ ಗಾಬರಿಯಾಗಬೇಡಿ, ಅದಕ್ಕೇ ಕೊರೆಯುವುದು. ಗೋಡೆಗೆ ಉಬ್ಬುತಗ್ಗಿನ ಡಿಂಪಲ್ ಹಾಳೆ ಕೂರಿಸಿ ಅದರ ತುದಿಯನ್ನು ಜಲ್ಲಿಯೊಳಗೆ ಇಳಿಬಿಟ್ಟರೆ, ಮುಂದೆ ಗೋಡೆಯಲ್ಲಿ ಜಿನುಗಿದ್ದೂ ಅದರ ಹಿಂದೆಯೇ ಕೆಳಗಿಳಿಯುತ್ತದೆ. ಆಮೇಲೆ ಮೇಲೆ ಕಾಂಕ್ರೀಟ್ ಮುಚ್ಚಿ.

ಪೈಪು ಹೋಗಿ ಸೇರುವುದು ಮೂಲೆಯ ಒಂದು ಗುಂಡಿಗೆ. ಅದರಲ್ಲಿ ನೀರು ಏರಿದಾಗ ತಾನೇ ಓಡುವ, ಫ್ಲೋಟ್ ಇರುವ ಮುಳುಗು ಪಂಪು. ಹೊರಗೆ ಹೋಗುವ ಪೈಪಿಗೆ ನೀರು ಹಿಂದೆ ಬರದಂತೆ ತಡೆಯುವ ವಾಲ್ವ್ ಬೇಕೇ ಬೇಕು. ನೀರು ಗೋಡೆಯಿಂದ ದೂರಕ್ಕೆ ಬೀಳಲಿ, ಇಲ್ಲದಿದ್ದರೆ ಅದೇ ನೀರು ಸುತ್ತಿ ಬಂದು ಮತ್ತೆ ಗುಂಡಿಗೆ ಸೇರುತ್ತದೆ. ಜೋರು ಮಳೆಯಲ್ಲೇ ಕರೆಂಟ್ ಹೋಗುವುದು, ಹಾಗಾಗಿ ಬ್ಯಾಟರಿ ಬ್ಯಾಕಪ್ ಇಲ್ಲದ ಪಂಪನ್ನು ನಾನು ಒಪ್ಪುವುದಿಲ್ಲ. ಗುಂಡಿಗೆ ಗಾಳಿ ಬಾರದ ಮುಚ್ಚಳ ಹಾಕಿ, ತೇವವೂ ಮಣ್ಣಿನ ಅನಿಲಗಳೂ ಕೋಣೆಗೆ ಬರಬಾರದು. ಮಳೆ ಶುರುವಾಗುವ ಮೊದಲು ಪ್ರತಿ ವರ್ಷ ಒಂದೆರಡು ಬಕೆಟ್ ನೀರು ಸುರಿದು ಪಂಪು ಓಡುತ್ತದಾ ನೋಡಿ.

ಹೊಸದಾಗಿ ಹಾಕಿದ ಕಾಂಕ್ರೀಟ್ ಒಣಗಲು ಬಿಡಿ. 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಅನ್ನುವುದು ನಮ್ಮ ಕೆಲಸದವರ ಅಂದಾಜು ಲೆಕ್ಕ. 100 ಮಿಲಿಮೀಟರ್ ಇದ್ದರೆ ನಾಲ್ಕು ತಿಂಗಳು. ನೆಲಕ್ಕೆ ಟೈಲ್ಸ್ ಹಾಕಿಸಿ. ವಿನೈಲ್, ಲ್ಯಾಮಿನೇಟ್, ಮರ, ಕಾರ್ಪೆಟ್ ಯಾವುದೂ ಬೇಡ. ಕಾಂಕ್ರೀಟಿನಿಂದ ಏರುವ ತೇವದ ಜೊತೆ ಕ್ಷಾರವೂ ಬರುತ್ತದೆ, ವಿನೈಲಿನ ಅಂಟನ್ನು ಅದು ಹಾಳು ಮಾಡುತ್ತದೆ.

ಗೋಡೆಗೆ ಹೊದಿಕೆ ಬೇಕೇ ಬೇಕು ಅಂದರೆ ಹೀಗೆ ಮಾಡಿ. ಡಿಂಪಲ್ ಹಾಳೆ ಇಲ್ಲದ ಕಡೆ ಗೋಡೆಗೆ ನೇರವಾಗಿ 50 ಮಿಲಿಮೀಟರಿನ ಗಟ್ಟಿ ಫೋಮ್ ಹಲಗೆ ಅಂಟಿಸಿ, ಸಂದಿಗಳಿಗೆಲ್ಲ ಟೇಪ್ ಹಾಕಿ. ಡಿಂಪಲ್ ಹಾಳೆ ಇರುವ ಕಡೆ ಅದರ ಮುಂದೆ ಹಾಕಿ. ಕೋಣೆಯ ಗಾಳಿ ತಣ್ಣನೆ ಗೋಡೆಗೆ ತಾಗಬಾರದು, ಅದೇ ಇದರ ಉದ್ದೇಶ. ಅದರ ಮುಂದೆ ಮರದ ಬದಲು ಲೋಹದ ಚೌಕಟ್ಟು, ಮೇಲೆ ಸಿಮೆಂಟ್ ಬೋರ್ಡ್. ಫೋಮ್ ಬೆಂಕಿ ಹಿಡಿಯುತ್ತದೆ, ಒಂದಿಂಚನ್ನೂ ಬಯಲಾಗಿ ಬಿಡಬಾರದು. ಬೋರ್ಡಿನ ಬುಡ ನೆಲದಿಂದ 12 ಮಿಲಿಮೀಟರ್ ಮೇಲಿರಲಿ, ಆ ಸಂದಿಯನ್ನು ಗೋಡೆಯ ಬುಡದ ಅಂಚುಪಟ್ಟಿ (ಸ್ಕರ್ಟಿಂಗ್) ಮುಚ್ಚುತ್ತದೆ. ಗುತ್ತಿಗೆದಾರರು ಹೇಳಿದ ಪ್ಲಾಸ್ಟಿಕ್ ಹಾಳೆ ಕೋಣೆಯ ಕಡೆ ಬೇಡವೇ ಬೇಡ. ಗಾಜಿನ ಉಣ್ಣೆಯನ್ನು ಗೋಡೆಗೆ ತಾಗಿಸಿ ತುಂಬುವುದೂ ಬೇಡ.

ನನ್ನ ಮನಸ್ಸಿಗೆ ಕೇಳಿದರೆ, ಚರಂಡಿ ಇಲ್ಲದ ಎರಡು ಗೋಡೆಗಳನ್ನು ಹೊದಿಕೆಯಿಲ್ಲದೆ ಬಿಟ್ಟು ಸುಣ್ಣ ಬಳಿಸಿ. ಸುಣ್ಣದಲ್ಲಿ ತೇವ ಒಳಗೆ ಸಿಕ್ಕಿಕೊಳ್ಳದೆ ಆರಿಹೋಗುತ್ತದೆ. ಮುಂದೆ ಏನಾದರೂ ಆದರೂ ಮೊದಲ ದಿನವೇ ಕಣ್ಣಿಗೆ ಕಾಣುತ್ತದೆ. ಅಪ್ಪನ ಪುಸ್ತಕದ ಕಪಾಟುಗಳನ್ನು ಮೆಟ್ಟಿಲಿನ ಪಕ್ಕದ ಒಳಗೋಡೆಗೆ ಇಡಿ. ಮಣ್ಣಿನ ಕಡೆಯ ಗೋಡೆಗೇ ಇಡಬೇಕಾದರೆ ಹಿಂದೆ ಒಂದು ಅಂಗೈಯಗಲ ಜಾಗ ಬಿಡಿ, ಕಾಲಿನ ಮೇಲೆ ನಿಲ್ಲಿಸಿ, ಹಿಂಭಾಗಕ್ಕೆ ಹಲಗೆ ಹೊಡೆಸಬೇಡಿ. ಕಪಾಟಿನ ಎಲ್ಲಕ್ಕಿಂತ ಕೆಳಗಿನ ಹಂತ ಖಾಲಿ ಇರಲಿ. ಡಬ್ಬಿಗಳನ್ನು ಬಿಚ್ಚುವಾಗ ಬೂಷ್ಟು ವಾಸನೆ ಇರುವ ಪುಸ್ತಕಗಳನ್ನು ಬೇರೆ ಇಟ್ಟು, ಮಹಡಿಯ ಮೇಲೆ ಚೆನ್ನಾಗಿ ಒಣಗಿಸಿ, ಪುಟದ ಅಂಚನ್ನು ಬ್ರಷ್ಷಿನಲ್ಲಿ ಒರೆಸಿದ ಮೇಲೆಯೇ ಕೆಳಗೆ ತನ್ನಿ.

ಚರಂಡಿಗೆ ಕತ್ತರಿಸುವ ದಿನ ಗೊತ್ತಾದರೆ ಇಲ್ಲಿ ಬರೆಯಿರಿ. ಗುಂಡಿಯ ಫೋಟೋ ಹಾಕಿದರೆ ಜಲ್ಲಿ ಸುರಿಯುವ ಮೊದಲೇ ನೋಡಿ ಹೇಳುತ್ತೇನೆ.